ಜೋಳಿಗೆಯ ಕೂಸು

ಸಾವಂತ್ರವ್ವನ ಮೂರು ಮಕ್ಕಳು ಪುಣೆಯ ಮಣ್ಣಿನಲ್ಲಿ ಮಲಗಿದ್ದವು. ಮೊದಲನೆಯದಕ್ಕೆ ಹೆಸರಿಡುವಷ್ಟು ಪುರುಸೊತ್ತೂ ಸಿಗಲಿಲ್ಲ. ಎರಡನೆಯದು ಹಲ್ಲು ಮೂಡುವ ಹೊತ್ತಿಗೆ ಭೇದಿ ಹತ್ತಿ ಹೋಯಿತು. ಮೂರನೆಯವಳು ಹೊಸ್ತಿಲು ಹಿಡಿದು ಎದ್ದು ನಿಲ್ಲಲು ಕಲಿತಿದ್ದಳು. ಅವಳಿಗೆ ಒಂದು ಮಳೆಗಾಲದ ಕೆಮ್ಮು ಸಾಕಾಯಿತು. ಗಂಡ ಶಿವಪುತ್ರಪ್ಪ ಧಾರವಾಡದ ಕಡೆಯಿಂದ ಭವಾನಿ ಪೇಠೆಯ ಬೆಲ್ಲದ ಅಂಗಡಿಗೆ ಗುಮಾಸ್ತನಾಗಿ ಬಂದವನು. ಅವನ ಮನೆಗೆ ಊರಿನ ನೆಂಟರು ಯಾರೂ ದಾರಿ ಹುಡುಕಿಕೊಂಡು ಬರುತ್ತಿರಲಿಲ್ಲ. ಸಾವು ಮಾತ್ರ ಕರೆಯದೆಯೇ ಬಂದು ಹೋಗುತ್ತಿತ್ತು.

ನಾಲ್ಕನೆಯದು ಶ್ರಾವಣದಲ್ಲಿ ಹುಟ್ಟಿತು, ಗಂಡು. ಅದರ ಬೆನ್ನಿಗೇ ಊರಿಗೆ ಹೊಸ ಜ್ವರ ಬಂತು. ಯುದ್ಧಕ್ಕೆ ಹೋಗಿದ್ದ ಸಿಪಾಯಿಗಳು ಹಡಗಿನಲ್ಲಿ ತಂದರು ಎಂದು ಒಬ್ಬರು, ಮಳೆ ಕೈಕೊಟ್ಟಿದ್ದಕ್ಕೆ ಬಂತು ಎಂದು ಇನ್ನೊಬ್ಬರು. ಪುಣೆಯವರು ಅದಕ್ಕೆ ಮಾನಮೋಡಿ ಎಂದು ಹೆಸರಿಟ್ಟರು, ಕತ್ತು ಮುರಿಯುವ ಜ್ವರ. ಹೆಸರಿಡುವುದರಲ್ಲಿ ಪುಣೆಯವರಿಗೆ ಯಾವತ್ತೂ ಬರವಿಲ್ಲ, ಔಷಧಿ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ನಿನ್ನೆ ಸಂತೆಯಲ್ಲಿ ಮಾತಾಡಿಸಿದವನನ್ನು ಇವತ್ತು ಚಟ್ಟದ ಮೇಲೆ ನೋಡಬೇಕಾಗುತ್ತಿತ್ತು. ಆ ವರ್ಷ ದಸರೆ ಬಂದು ಹೋಗಿದ್ದು ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಸಾವಂತ್ರವ್ವನ ಅತ್ತೆ ಬಸವಣ್ಣೆವ್ವ ಕೆಟ್ಟ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದನ್ನು ಕೇಳಿದವರು ಆಕೆಯನ್ನೇ ಬೈಯುತ್ತಾರೆ. ಮಕ್ಕಳು ಸತ್ತಾಗ ಸೊಸೆಯ ಕಾಲ್ಗುಣದ ಮಾತು ಆಕೆ ಎತ್ತಲಿಲ್ಲ. ಮೂರನ್ನೂ ತನ್ನ ತೊಡೆಯ ಮೇಲೆ ಮಲಗಿಸಿಕೊಂಡು, ಪ್ರಾಣ ಹೋಗುವವರೆಗೂ ಕಣ್ಣು ಮಿಟುಕಿಸದೆ ನೋಡಿದವಳು ಆಕೆ. ನಾಲ್ಕನೆಯದನ್ನು ಹಾಗೆ ನೋಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದಳು.

"ಇದನ್ನ ಮಾರಿಬಿಡೂಣು," ಎಂದಳು ಒಂದು ಬೆಳಿಗ್ಗೆ.

ಸಾವಂತ್ರವ್ವನಿಗೆ ಬಿಡಿಸಿ ಹೇಳುವ ಅವಶ್ಯಕತೆ ಇರಲಿಲ್ಲ. ಅವಳ ತವರಿನಲ್ಲೂ ಈ ರೂಢಿ ಉಂಟು. ಮಕ್ಕಳು ನಿಲ್ಲದ ಮನೆಯಲ್ಲಿ ಹುಟ್ಟಿದ ಕೂಸನ್ನು ಬಡವಳೊಬ್ಬಳ ಜೋಳಿಗೆಗೆ ಹಾಕುತ್ತಾರೆ. ಅವಳು ಅದನ್ನು ಮೈಗೆ ಕಟ್ಟಿಕೊಂಡು ಐದು ಮನೆ ಭಿಕ್ಷೆ ಬೇಡುತ್ತಾಳೆ. ಸಾವು ನೋಡಿ, ಇದು ತಿರುಕಿಯ ಕೂಸು, ನನಗೇಕೆ ಎಂದು ಮುಖ ತಿರುಗಿಸಬೇಕು. ಐದು ಮನೆ ಮುಗಿದ ಮೇಲೆ ಆಕೆ ಕೂಸಿನ ಮನೆಯ ಹೊಸ್ತಿಲಿಗೆ ಬಂದು, ಒಂದು ಮೊರ ತೌಡಿಗೆ ಅದನ್ನು ಮಾರಬೇಕು. ಮಾರಿದವಳು ತಿರುಗಿ ನೋಡುವಂತಿಲ್ಲ, ಅದಕ್ಕೆ ಮತ್ತೆ ಮೊಲೆ ಕೊಡುವಂತಿಲ್ಲ. ಎಂದಿಗೂ ಅದನ್ನು ನನ್ನದು ಎನ್ನುವಂತಿಲ್ಲ. ಅಂದುಬಿಟ್ಟರೆ ಸಾವಿಗೆ ಕೇಳಿಸುತ್ತದೆ, ಕೊಂಡದ್ದು ಮುರಿಯುತ್ತದೆ, ಕೂಸು ಹೋಗುತ್ತದೆ.

ಹೊರುವುದಕ್ಕೆ ಭಾಮಾ ಸಿಕ್ಕಳು. ಸೊಲ್ಲಾಪುರದ ಕಡೆಯವಳು, ಪೇಠೆಯ ಅಂಗಡಿಗಳ ಮುಂದೆ ಚೆಲ್ಲಿದ ಕಾಳು ಗುಡಿಸಿ ಬದುಕುವವಳು, ಮರಾಠಿಯಲ್ಲಿ ಶುರು ಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುವವಳು. ಅವಳ ಮೈಮೇಲೆ ಯಾವಾಗಲೂ ಒಂದು ಕೂಸು ಇದ್ದೇ ಇರುತ್ತಿತ್ತು. ಹಳೆಯ ಸೀರೆಯ ತುಂಡನ್ನು ಹೆಗಲಿಂದ ಓರೆಯಾಗಿ ಇಳಿಬಿಟ್ಟು, ಅದರ ಹೊಟ್ಟೆಯಲ್ಲಿ ಮಗುವನ್ನು ಕೂರಿಸಿಕೊಂಡು, ಎರಡೂ ಕೈಯಿಂದ ಕಸಬರಿಗೆ ಆಡಿಸುತ್ತಿದ್ದಳು. ಸಾವಂತ್ರವ್ವನಂಥವರ ಮನೆಯಲ್ಲಿ ಕೂಸು ತೊಟ್ಟಿಲಲ್ಲಿರಬೇಕು, ಇಲ್ಲವೇ ಹಿರಿಯರ ತೊಡೆಯ ಮೇಲಿರಬೇಕು. ಜೋಳಿಗೆ ಕಟ್ಟಿಕೊಳ್ಳುವುದು ಕೂಲಿಯವರ ಲಕ್ಷಣ. ಹಾಲು ಕುಡಿಸುವ ಹೊತ್ತು ಬಿಟ್ಟರೆ ಮಗು ತಾಯಿಯ ಕೈಗೆ ಸಿಗುತ್ತಿದ್ದದ್ದೇ ಕಡಿಮೆ. ಬಸವಣ್ಣೆವ್ವನಿಗೆ ಮೊಮ್ಮಕ್ಕಳೆಂದರೆ ಅಷ್ಟು ಆಸೆ.

ಶಿವಪುತ್ರಪ್ಪ ಅಂಗಡಿಯ ಕೆಲಸದ ಮೇಲೆ ಶಿರೂರಿಗೆ ಹೋಗಿದ್ದ. ಅವನು ಬರುವವರೆಗೆ ಕಾಯುವ ಧೈರ್ಯ ಮುದುಕಿಗಿರಲಿಲ್ಲ. ಓಣಿಯ ಆ ತುದಿಯ ಮನೆಗೆ ಜ್ವರ ಬಂದಾಗಿತ್ತು. ಆ ಬೆಳಿಗ್ಗೆಯೇ ಭಾಮಾಳನ್ನು ಕರೆಸಿದಳು. ಆವತ್ತು ಭಾಮಾಳ ಜೋಳಿಗೆ ಖಾಲಿ ಇತ್ತು.

"ನಿನ್ನ ಸಣ್ಣಕೂಸೆಲ್ಲೇ?" ಎಂದು ಸಾವಂತ್ರವ್ವ ಕೇಳಿದಳು.

"ಮಲಗ್ಯಾನ್ರಿ ವೈನಿ, ಮನ್ಯಾಗ," ಎಂದಳು ಭಾಮಾ. ಕಣ್ಣು ಕೆಂಪಗಿದ್ದವು. ಕಾಳಿನ ಧೂಳಿಗೆ ಅವಳ ಕಣ್ಣು ಯಾವಾಗಲೂ ಕೆಂಪಗೇ ಇರುತ್ತವೆ ಎಂದುಕೊಂಡು ಸಾವಂತ್ರವ್ವ ತೊಟ್ಟಿಲಿಗೆ ಬಾಗಿದಳು. ಕೂಸನ್ನು ಕೊಟ್ಟಳು. ಜೋಳಿಗೆಗೆ ಇಳಿದ ಕೂಡಲೇ ಅದು ಅಳು ನಿಲ್ಲಿಸಿ ಭಾಮಾಳ ಎದೆಗೆ ಕಿವಿ ಹಚ್ಚಿ ಮಲಗಿಬಿಟ್ಟಿತು. ಹೆತ್ತವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಐದು ಮನೆ ಎಂದರೆ ಎಷ್ಟು ಹೊತ್ತು? ಊಟದ ಹೊತ್ತಿಗೆ ಬರಬೇಕಾಗಿತ್ತು. ಬರಲಿಲ್ಲ. ಬಿಸಿಲು ಇಳಿಯತೊಡಗಿತು. ಹಾಲು ಕಟ್ಟಿ ಸಾವಂತ್ರವ್ವನ ಎದೆ ಕಲ್ಲಾಯಿತು, ಕುಪ್ಪಸ ತೊಯ್ದಿತು. ಅವಳು ಬಾಗಿಲಿಗೂ ಅಡುಗೆಮನೆಗೂ ತಿರುಗಿ ತಿರುಗಿ, ಕೊನೆಗೆ ಅತ್ತೆಯ ಮುಂದೆ ನಿಂತಳು.

"ನಾ ಹೋಗಿ ನೋಡಿ ಬರ್ತೀನ್ರಿ ಅತ್ತಿ."

ಬಸವಣ್ಣೆವ್ವನ ಮೊಣಕಾಲು ಓಣಿ ದಾಟುವ ಹಾಗಿರಲಿಲ್ಲ. "ಹೋಗು," ಎಂದಳು. "ಆದ್ರ ಕೂಸನ್ನ ನೀ ಮುಟ್ಟಬ್ಯಾಡ. ಆಕೀನ ಹೊತ್ತು ತರಬೇಕು, ಆಕೀನ ಮಾರಬೇಕು. ತಿಳೀತಿಲ್ಲೋ?"

"ತಿಳೀತ್ರಿ," ಎಂದು ಸೊಸೆ ಸೆರಗು ಬಿಗಿದು ಹೊರಟಳು.

ಭಾಮಾಳ ಗುಡಿಸಲು ನಾಗಝರಿಯ ನಾಲೆಯ ದಂಡೆಯಲ್ಲಿತ್ತು. ಒಳಗೆ ಕಾಲಿಟ್ಟರೆ ಜ್ವರದ ವಾಸನೆ. ಒಂದು ಮೂಲೆಯಲ್ಲಿ ಮೂವರು ಮಕ್ಕಳು ಒಂದೇ ಗೋಣಿಚೀಲ ಹೊದ್ದು ನಡುಗುತ್ತಿದ್ದರು. ಅವರಿಂದ ಸ್ವಲ್ಪ ದೂರಕ್ಕೆ ಒಂದು ಪುಟ್ಟ ಗಂಟು, ತಲೆಯಿಂದ ಕಾಲಿನವರೆಗೆ ಮುಚ್ಚಿದ್ದು. ಸಾವಂತ್ರವ್ವ ಅದರ ಕಡೆ ಒಮ್ಮೆ ನೋಡಿದಳು, ಮತ್ತೆ ನೋಡಲಿಲ್ಲ. ಮೂರು ಸಲ ಅಂಥ ಗಂಟು ಕಟ್ಟಿದ ಮನೆಯವಳಿಗೆ ಕೇಳುವುದೇನಿತ್ತು? ಸಾವಿಗೆ ಬಡವರ ಕೂಸು ಬೇಡವಂತೆ! ಈ ರೂಢಿ ಮಾಡಿದ ಪುಣ್ಯಾತ್ಮರು ನಾಲೆಯ ದಂಡೆಗೆ ಒಮ್ಮೆಯಾದರೂ ಬಂದು ಹೋಗಿದ್ದರೆ ಚೆನ್ನಾಗಿತ್ತು.

ಭಾಮಾ ಗೋಡೆಗೆ ಒರಗಿ ಕೂತಿದ್ದಳು. ಮೈ ಕೆಂಡ. ಜೋಳಿಗೆ ಇನ್ನೂ ಮೈಮೇಲೇ ಇತ್ತು, ಅದರೊಳಗೆ ಸಾವಂತ್ರವ್ವನ ಮಗ ನಿದ್ದೆ ಮಾಡುತ್ತಿದ್ದ. ಬಿದ್ದರೂ ಕೂಸು ಜಾರಬಾರದೆಂದು ಎರಡು ಗಂಟು ಹಾಕಿಕೊಂಡಿದ್ದಳು.

"ಮೂರ ಮನಿ ಆದ್ವು ವೈನಿ," ಎಂದಳು. ಒಂದೊಂದು ಮಾತಿಗೂ ಉಸಿರು ಎಳೆಯುತ್ತಿದ್ದಳು. "ಮುಂದ ಕಾಲ ಏಳಲಿಲ್ಲ. ಎರಡ ಮನಿ ಉಳದಾವ. ತಗೋ, ತಗೋ ಇವನ್ನ. ನನ್ನ ಉಸರು ಅಂವಗ ಹತ್ತಬಾರದು."

"ನಾ ತಗೋಬಾರದವಾ. ನೀನ ಹೊತ್ತು ತರಬೇಕಂತ ಅತ್ತಿ ಹೇಳ್ಯಾರ."

ಭಾಮಾ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. "ನಾ ಎದ್ದ ಬರೂದು ಇನ್ನೆಲ್ಲಿದು ಬಾಯೀ! ಇಲ್ಲೇ ಬಿಟ್ಟರ ಇವನೂ ಅಲ್ಲಿ ಮಲಕೋತಾನ," ಎಂದು ಮುಚ್ಚಿದ ಗಂಟಿನ ಕಡೆ ಕಣ್ಣು ಹೊರಳಿಸಿದಳು.

ಅದಾದ ಮೇಲೆ ಸಾವಂತ್ರವ್ವ ಯೋಚಿಸಲಿಲ್ಲ. ಮಂಡಿಯೂರಿ ಕೂತಳು. ಭಾಮಾ ಗಂಟು ಸಡಿಲಿಸಿ, ಬಟ್ಟೆಯನ್ನು ಸಾವಂತ್ರವ್ವನ ಎಡಹೆಗಲ ಮೇಲೆ ಹಾಯಿಸಿ, ಬೆನ್ನಿಂದ ಸುತ್ತಿ ತಂದು ಕಟ್ಟಿದಳು. "ಗಂಟ ಹೆಗಲ ಮ್ಯಾಗ ಬರಲಿ, ಕುತಗಿಗೆ ಅಲ್ಲ. ಕುಂಡಿ ತಳದಾಗ ಇಳೀಲಿ. ಮಾರಿ ಎದಿ ಕಡೆ. ಹಾಂ, ಅಷ್ಟ. ಕೈ ಬಿಡು ಈಗ. ಬಿಡು, ಬೀಳೂದಿಲ್ಲ." ಸಾವಂತ್ರವ್ವ ಹೆದರಿ ಹೆದರಿ ಕೈ ಬಿಟ್ಟಳು. ಕೂಸು ಬೀಳಲಿಲ್ಲ. ಅದರ ಭಾರ ಅವಳ ಹೆಗಲಿಗೆ, ಬೆನ್ನಿಗೆ, ಹೊಟ್ಟೆಗೆ ಹಂಚಿಕೊಂಡು ಕೂತಿತು.

"ಎರಡ ಮನಿ ಬೇಡಿ ಮುಗಸು," ಎಂದಳು ಭಾಮಾ. ಮಕ್ಕಳಿರುವ ಮೂಲೆಗೆ ತೆವಳಿ ಹೋಗಿ ಗೋಣಿಚೀಲದ ಒಂದು ತುದಿ ತಾನೂ ಹೊದ್ದು ಮಲಗಿದಳು. ಸಾವಂತ್ರವ್ವ ಮೂಲೆಯ ಗಡಿಗೆಯಿಂದ ಅವರೆಲ್ಲರ ಬಾಯಿಗೂ ನೀರು ಬಿಟ್ಟಳು. ಅದಕ್ಕಿಂತ ಹೆಚ್ಚಿನದೇನೂ ಅವಳಿಂದಾಗಲಿಲ್ಲ.

ಹೊರಗೆ ಬಂದಳು. ಪುಣೆಗೆ ಬಂದು ಇಷ್ಟು ವರ್ಷವಾದರೂ ಅವಳು ಒಬ್ಬಳೇ ಬೀದಿಯಲ್ಲಿ ನಡೆದದ್ದು ಬೆರಳೆಣಿಕೆ. ಈಗ ತಲೆತುಂಬ ಸೆರಗು, ಮೈಮೇಲೆ ತಿರುಕಿಯ ಜೋಳಿಗೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಕೂಸು ಎದ್ದು ಬಾಯಿಯಿಂದ ಎದೆ ಹುಡುಕಿತು. ಅವಳು ಸೆರಗಿನ ಮರೆಯಲ್ಲಿ ನಡೆಯುತ್ತಲೇ ಮೊಲೆ ಕೊಟ್ಟಳು. ಹಾಗೂ ಕೊಡಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಒಂದೊಂದು ಹೆಜ್ಜೆಗೂ ಅದರ ತಲೆ ಅವಳ ಎದೆಗೆ ತಾಗುತ್ತಿತ್ತು. ಎದೆಯ ಕಲ್ಲು ಕರಗುತ್ತ ಬಂತು. ಸತ್ತ ಮೂರರಲ್ಲಿ ಒಂದನ್ನೂ ಹೀಗೆ ಕಟ್ಟಿಕೊಂಡು ನಡೆಯಲಿಲ್ಲವಲ್ಲ ಎಂದು ಅಳು ಬಂತು, ಅಳುತ್ತಲೇ ಸುಖವಾಯಿತು. ಹೆಣದ ಗಾಡಿ ಎದುರು ಬಂದಾಗ ಗೋಡೆಗೆ ಸರಿದು ನಿಂತು, ಬಟ್ಟೆಯ ಮೇಲೆ ಕೈ ಮುಚ್ಚಿದಳು. ಇದು ನನ್ನದು ಎಂದು ಮನಸ್ಸಿನಲ್ಲಿ ಅಂದುಕೊಂಡಳು, ಮತ್ತೆ ಗಾಬರಿಯಾಗಿ ಆ ಮಾತನ್ನು ನುಂಗಿಕೊಂಡಳು.

ನಾಲ್ಕನೆಯ ಮನೆ ನಾನಾ ಪೇಠೆಯ ಒಂದು ವಾಡೆ. "ಭಿಕ್ಷಾ ವಾಢಾ, ಮಾಯ್," ಎಂದು ಕೂಗಿದಳು. ಬಾಗಿಲು ಒಂದು ಗೇಣು ತೆರೆಯಿತು, ಒಂದು ಕೈ ಹೊರಗೆ ಬಂದು ಹಿಡಿ ಜೋಳ ಎಸೆದು ಒಳಗೆ ಹೋಯಿತು. ಜೋಳ ಅರ್ಧ ಜೋಳಿಗೆಗೆ, ಅರ್ಧ ನೆಲಕ್ಕೆ. ನೆಲದ್ದನ್ನು ಅವಳು ಆಯ್ದುಕೊಂಡಳು.

ಐದನೆಯ ಮನೆ ಸಿಗಲಿಲ್ಲ. ಕೂಗಿದಲ್ಲೆಲ್ಲ ಚಿಲಕ ಬೀಳುವ ಸದ್ದು. ಮನೆಮನೆಗೂ ಜ್ವರ, ಇಲ್ಲವೇ ಜ್ವರದ ಭಯ. ಒಂದು ಕಡೆ ಮುದುಕನೊಬ್ಬ ಕಿಟಕಿಯಿಂದಲೇ "ಪುಢೇ ಜಾ!" ಎಂದು ಗದರಿದ. ಮುಂದೆ ಹೋದಳು. ಅಲ್ಲಿಯೂ ಅದೇ. ಹೊತ್ತು ಮುಳುಗಲು ಬಂತು. ದೀಪ ಹಚ್ಚಿದ ಮೇಲೆ ಭಿಕ್ಷೆ ಸಲ್ಲದು. ಆಗ ಅವಳಿಗೆ ಹೊಳೆಯಿತು: ನಮ್ಮದೂ ಒಂದು ಮನೆಯೇ ಅಲ್ಲವೇ? ಅತ್ತೆ ಒಂದು ಹಿಡಿ ಹಾಕಿದರೆ ಐದಾಯಿತು. ಆಮೇಲೆ ತೌಡು ಕೊಟ್ಟರೆ ಎಲ್ಲ ಮುಗಿಯಿತು. ಕೂಸು ಒಳಗೆ, ತಾನೂ ಒಳಗೆ. ಬಿರಬಿರನೆ ನಡೆದಳು. ಇನ್ನೊಂದು ತುಸು ನಿಧಾನಕ್ಕೆ ನಡೆದಿದ್ದರೆ ಏನು ಗಂಟು ಹೋಗುತ್ತಿತ್ತೋ, ಪಾಪ, ಅವಳಿಗೇನು ಗೊತ್ತು.

ಬಸವಣ್ಣೆವ್ವ ಹೊಸ್ತಿಲೊಳಗೆ ತೌಡಿನ ಮೊರ ಮುಂದಿಟ್ಟುಕೊಂಡು ಕೂತಿದ್ದಳು. ಸೊಸೆಯನ್ನು ನೋಡಿ ಮುಖ ಅರಳಿತು. ಜೋಳಿಗೆಯನ್ನು ನೋಡಿದ ಮೇಲೆ ಮುಖದಲ್ಲಿ ರಕ್ತವಿರಲಿಲ್ಲ.

"ಆಕಿ ಎಲ್ಲಿ?"

"ಆಕಿಗೆ ಜ್ವರ ಬಂದಾವ್ರಿ. ಏಳಾಕ ಆಗೂದಿಲ್ಲ. ಉಳದದ್ದು ನಾನ ಬೇಡಿದೆ. ಭಿಕ್ಷಾ ನೀಡ್ರಿ ಅತ್ತಿ, ಇದು ಐದನೇ ಮನಿ."

ಮುದುಕಿ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಒಂದು ಹಿಡಿ ಅಕ್ಕಿ ತಂದು ಜೋಳಿಗೆಗೆ ಹಾಕಿದಳು. ಸಾವಂತ್ರವ್ವ ಹೊಸ್ತಿಲಿಗೆ ಕಾಲೆತ್ತಿದಳು.

"ಒಳಗ ಬರಬ್ಯಾಡ!" ಬಸವಣ್ಣೆವ್ವ ಎರಡೂ ಕೈ ಅಡ್ಡ ಹಿಡಿದಳು. "ಸಾವಂತ್ರೀ, ಏನ ಮಾಡ್ದಿ ನೀ? ಜೋಳಿಗಿ ಯಾರ ಹೆಗಲ ಮ್ಯಾಲ ಅದನೋ ಕೂಸು ಆಕೀದು. ಬೇಡಿದಾಕಿ ನೀ. ಮಾರಾಕಿನೂ ನೀನ."

ಸಾವಂತ್ರವ್ವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಪೂರ್ತಿ ಅರ್ಥವಾಯಿತು. ಜೋಳಿಗೆಯ ತಳಕ್ಕೆ ಕೈ ಕೊಟ್ಟು ಹಿಂದೆ ಸರಿದಳು.

"ನಾ ಹಡದಾಕಿ ಅದೀನ್ರಿ ಅತ್ತಿ."

"ಹಡದಾಕೀದಾದ್ರ ಕರಕೊಂಡ ಬಾ, ನಾ ಬಿಡ್ತೀನಿ," ಎಂದಳು ಮುದುಕಿ. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಹಡದಾಕಿ ಆಗಿ ಮೂರನ್ನ ಒಳಗ ತಂದಿ. ಮೂರೂ ಎಲ್ಲಿ ಅದಾವ ಗೊತ್ತದ ನಿನಗ. ನಾ ಏನೂ ಅನ್ನೂದಿಲ್ಲ. ನೀನ ಹೇಳು."

ಎದುರಿನ ಮನೆಯಿಂದ ಕೆಮ್ಮು ಕೇಳಿಸಿತು. ಕೂಸು ಹೊಟ್ಟೆ ತುಂಬಿ ನಿದ್ದೆ ಮಾಡುತ್ತಿತ್ತು. ಅದರ ಬಿಸಿಯುಸಿರು ಅವಳ ಚರ್ಮಕ್ಕೆ ತಾಗುತ್ತಿತ್ತು. ಇವತ್ತು ಬೆಚ್ಚಗಿದೆ, ನಾಳೆ ತಣ್ಣಗಾಗಬಹುದು. ತಣ್ಣಗಿನದು ಹೇಗಿರುತ್ತದೆಂದು ಅವಳ ಕೈಗೆ ಗೊತ್ತಿತ್ತು. ಅವಳು ಹೆಗಲ ಗಂಟಿಗೆ ಕೈ ಹಾಕಿದಳು. ಬಿಚ್ಚುವುದನ್ನು ಭಾಮಾ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಹಲ್ಲಿನಿಂದ ಕಚ್ಚಿ ಎಳೆದಳು.

"ಮಾರ್ತಿಯೇನವಾ?" ಎಂದು ಅತ್ತೆ ಅಪರಿಚಿತಳನ್ನು ಕೇಳುವ ಹಾಗೆ ಕೇಳಿದಳು.

"ಮಾರಿದೆ."

"ತಿರುಗಿ ಕೇಳೂದಿಲ್ಲಲಾ?"

"ಕೇಳೂದಿಲ್ರಿ."

ಬಸವಣ್ಣೆವ್ವ ಕೂಸನ್ನು ತೆಗೆದುಕೊಂಡು ಕೂಸಿಲ್ಲದ ಜೋಳಿಗೆಗೆ ತೌಡು ಸುರಿದಳು. ತೌಡಿಗೆ ಭಾರವೇ ಇರಲಿಲ್ಲ. ಸಾವಂತ್ರವ್ವ ತಿರುಗಿ ನೋಡದೆ ಓಣಿಯ ಕೊನೆಯವರೆಗೆ ನಡೆದಳು. ತೌಡನ್ನು ಯಾರದೋ ಎಮ್ಮೆಯ ಮುಂದೆ ಸುರಿದು, ಸುತ್ತು ಬಳಸಿ ಹಿತ್ತಿಲ ಬಾಗಿಲಿಗೆ ಬಂದಳು. ಬಾವಿಕಟ್ಟೆಯ ಮೇಲೆ ತಣ್ಣೀರು ಸುರಿದುಕೊಂಡು, ಆ ಮನೆಯ ಮಕ್ಕಳಿಲ್ಲದ ಸೊಸೆಯಾಗಿ ಒಳಗೆ ಕಾಲಿಟ್ಟಳು. ನಡುಮನೆಯಲ್ಲಿ ಕೂಸು ಹಾಲಿಗೆ ಅಳುತ್ತಿತ್ತು. ಮುದುಕಿ ಅದಕ್ಕೆ ಬತ್ತಿಯಿಂದ ಆಡಿನ ಹಾಲು ಚೀಪಿಸುತ್ತಿದ್ದಳು. ಸಾವಂತ್ರವ್ವ ಕೋಣೆಗೆ ಹೋಗಿ, ಹಳೆಯ ಧೋತರದಿಂದ ಎದೆ ಬಿಗಿದುಕೊಂಡು, ಕಿವಿ ಮುಚ್ಚಿಕೊಂಡು ಕೂತಳು.

ಶಿವಪುತ್ರಪ್ಪ ಶಿರೂರಿನಿಂದ ಬಂದು ಸಂಗತಿ ಕೇಳಿ ಹೌಹಾರಿದ. "ಏನ ಹುಚ್ಚಾಟ ಇದು? ತಾಯಿ ಇದ್ದೂ ಕೂಸಿಗೆ ಆಡಿನ ಹಾಲೇನು? ಇವತ್ತ ಬಿಟ್ಟ ಬಿಡ್ರಿ ಇದನ್ನೆಲ್ಲ!" ಅಷ್ಟರಲ್ಲಿ ತೊಟ್ಟಿಲಿನೊಳಗಿಂದ ಒಂದು ಸೀನು ಕೇಳಿಸಿತು. ಮೂವರೂ ಉಸಿರು ಹಿಡಿದು ನಿಂತರು. ಶಿವಪುತ್ರಪ್ಪ ಆಮೇಲೆ ಆ ವಿಷಯ ಎತ್ತಲಿಲ್ಲ.

ಭಾಮಾ ಬದುಕಲಿಲ್ಲ. ಅವಳ ಮಕ್ಕಳಲ್ಲಿ ಒಬ್ಬಳು ಉಳಿದಳೆಂದೂ, ಅವಳನ್ನು ಸೊಲ್ಲಾಪುರದವರು ಯಾರೋ ಕರೆದೊಯ್ದರೆಂದೂ ಸುದ್ದಿ. ಸಾವಂತ್ರವ್ವನಿಗೂ ಜ್ವರ ಬಂತು, ಹೋಯಿತು. ಓಣಿಯಲ್ಲಿ ಎಷ್ಟೋ ತೊಟ್ಟಿಲು ಬರಿದಾದವು. ಈ ಕೂಸಿಗೆ ಒಂದು ಕೆಮ್ಮೂ ಬರಲಿಲ್ಲ. ಆಡಿನ ಹಾಲು ಕಾಪಾಡಿತೋ, ತೌಡು ಕಾಪಾಡಿತೋ, ಸುಮ್ಮನೆ ಅದರ ಅದೃಷ್ಟವೋ, ಯಾರು ಬಲ್ಲರು? ಬಿಟ್ಟು ನೋಡುವ ಎದೆಗಾರಿಕೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬೇಡಿ ತಂದ ಕೂಸೆಂದು ತಿರಕಪ್ಪ ಎಂದು ಹೆಸರಿಟ್ಟರು.

ತಿರಕಪ್ಪ ಬಸವಣ್ಣೆವ್ವನನ್ನು ಅವ್ವ ಎನ್ನುತ್ತ ಬೆಳೆದ. ಸಾವಂತ್ರವ್ವ ಅವನಿಗೆ ಚಿಗವ್ವ, ಬರೀ ಚಿಕ್ಕಮ್ಮ. ಓಣಿಯವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಒಂದು ಕೂಸಿನ ಜೀವ ತಮ್ಮ ನಾಲಿಗೆಯ ಮೇಲಿದೆಯೆಂದು ಅವರೂ ನಂಬಿದ್ದರು. ಸಾವಂತ್ರವ್ವ ಅವನಿಗೆ ರೊಟ್ಟಿ ಬಡಿದಳು, ಅಂಗಿ ಒಗೆದಳು, ಒಂದು ಸಲವೂ ಎತ್ತಿಕೊಳ್ಳಲಿಲ್ಲ. ಬಿದ್ದು ಮೊಣಕಾಲು ಒಡೆದುಕೊಂಡಾಗ ಅವನು ಅವಳನ್ನು ದಾಟಿಕೊಂಡು ಓಡಿ ಮುದುಕಿಯ ಉಡಿಯಲ್ಲಿ ಮುಖ ಹುದುಗಿಸುತ್ತಿದ್ದ. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ.

ಅವನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಬಸವಣ್ಣೆವ್ವ ತೀರಿಕೊಂಡಳು. ಕೊನೆಯ ದಿನ ಸೊಸೆಯ ಕೈ ಹಿಡಿದು ಏನೋ ಹೇಳಲು ನೋಡಿದಳು, ನಾಲಿಗೆ ಹೊರಳಲಿಲ್ಲ. ಹೇಳು ಎಂದಳೋ, ಹೇಳಬೇಡ ಎಂದಳೋ. ಮಣ್ಣು ಮಾಡಿ ಬಂದ ಮೇಲೆ ಪಕ್ಕದ ಮನೆಯ ಗಂಗೂಬಾಯಿ, ಮರಾಠಿಯವಳು, ಸಾವಂತ್ರವ್ವನನ್ನು ಗೋಡೆಯ ಬದಿಗೆ ಕರೆದು ಪಿಸುಗುಟ್ಟಿದಳು, ಕೊಂಡವಳೇ ಹೋದಳಲ್ಲ, ಇನ್ನೇನು ಭಯ, ಆ ಪೋರನಿಗೆ ಇವತ್ತೇ ಹೇಳಿಬಿಡು ಎಂದು.

ತಿರಕಪ್ಪ ಕಟ್ಟೆಯ ಮೇಲೆ ಕೂತು ಬಿಕ್ಕುತ್ತಿದ್ದ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವಳು ಹೋಗಿ ಪಕ್ಕದಲ್ಲಿ ಕೂತಳು.

"ಚಿಗವ್ವಾ," ಎಂದ. "ಎಲ್ಲಾರಿಗೂ ಅವ್ವ ಅದಾರ. ನನಗಿನ್ನ ಯಾರು?"

ಮಾತು ಅವಳ ಗಂಟಲಿಗೆ ಬಂತು. ಇಷ್ಟು ವರ್ಷ ಒಳಗೇ ಬೆಳೆದ ಮಾತು, ಒಂದೇ ಒಂದು ಮಾತು. ಕೈ ತಾನಾಗಿ ಎದ್ದು ಅವನ ಹಣೆಯ ಕೂದಲು ಸರಿಸಿತು. ಹಣೆ ಬಿಸಿಯಾಗಿತ್ತು. ಬಿಸಿಲಿಗೋ, ಅತ್ತು ಅತ್ತೋ, ಅಥವಾ ಬೇರೆಯದಕ್ಕೋ. ಕೊಂಡವಳು ಸತ್ತರೆ ಕೊಂಡದ್ದು ಉಳಿಯುತ್ತದೆಯೋ ಇಲ್ಲವೋ, ಅದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಕೇಳೋಣವೆಂದರೆ ಗೊತ್ತಿದ್ದವಳು ಮಣ್ಣಿನಲ್ಲಿದ್ದಳು.

"ಯಾರೂ ಇಲ್ಲಪಾ," ಎಂದಳು ಸಾವಂತ್ರವ್ವ. "ನಿಮ್ಮವ್ವ ಇವತ್ತ ಸತ್ತಳು."

ಹುಡುಗ ಅವಳ ಕೈ ಸರಿಸಿ, ಎದ್ದು, ಅಳುತ್ತ ಒಳಗೆ ಹೋದ.